ಒಣಗಿಸುವವನ ಮನೆಯ ಹಾವು

ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ
ಮರದೊಳಗಿನ ನೀರನ್ನು ಹೊರಗೆ ಕಳಿಸುವುದು.
ಕೆಮಿ ಊರಿನ ಸಾಮಿಲ್ಲಿನ ಹಿಂಬದಿಗೆ
ಐದು ಬಿಸಿಗೂಡು. ಹಲಗೆ ಹಸಿಯಾಗಿ ಒಳಹೋಗುತ್ತದೆ,
ಹನ್ನೆರಡು ಪರ್ಸೆಂಟಿಗೆ ಇಳಿದು ಹೊರಬರುತ್ತದೆ.
ಅವಸರ ಮಾಡಿದರೆ ಬಿರಿಯುತ್ತದೆ,
ತಡ ಮಾಡಿದರೆ ನೀಲಿ ಬೂಷ್ಟು.
ನನಗೆ ಬರುವ ವಿದ್ಯೆ ಇಷ್ಟೇ.

ಅಕ್ಟೋಬರಿನಲ್ಲಿ ತೈಮಿ ಹಾವು ತಂದಳು.
ಮಗಳು ನನ್ನವಳು, ವಾರ ಬಿಟ್ಟು ವಾರ.
ಅಮ್ಮನ ಮನೆಗೆ ಹಾವು ಬೇಡವಂತೆ;
ಹಾಗಾಗಿ ಅದು ಮಾತ್ರ
ಎಲ್ಲ ವಾರವೂ ನನ್ನದು.
ಆಫ್ರಿಕಾ ಕಡೆಯ ಗಿಡ್ಡ ಹೆಬ್ಬಾವು,
ಹೆದರಿದರೆ ತಲೆ ಒಳಗಿಟ್ಟು ಚೆಂಡಾಗುತ್ತದೆ.
ಹೆಸರು ಪೂರೋ. ಎಂದರೆ ಗಂಜಿ.

ಹಾಸಲೆಂದು ಮಿಲ್ಲಿನಿಂದ
ಒಂದು ಮೂಟೆ ಪೈನ್ ಹೆರೆ ಹೊತ್ತು ತಂದೆ,
ಆಗಷ್ಟೇ ಹೆರೆದದ್ದು, ಸುರುಳಿ ಸುರುಳಿ, ಘಮಘಮ.
"ಘಮವೇ ಆಗದು ಅಪ್ಪ, ರಾಳ ಅದರ ಉಸಿರು ಕಟ್ಟುತ್ತದೆ"
ಎನ್ನುತ್ತಾ ಅವಳು ಮೂಟೆಯ ಬಾಯಿ ಬಿಗಿದಳು.
ನಾನು ಸ್ವೆಟರಿನ ತೋಳು ಮೂಸಿ ನೋಡಿಕೊಂಡೆ.
ಅಂದಿನಿಂದ ಅಂಗಿ ಬದಲಿಸದೆ
ಆ ಕೋಣೆಗೆ ಕಾಲಿಡುವುದಿಲ್ಲ.

ಆಸ್ಪೆನ್ ತುರಿ ಹಾಕಿದೆವು; ನೀರು ಚಿಮುಕಿಸಿದ ನಾಲ್ಕನೇ ದಿನ
ಮೂಲೆಯಲ್ಲಿ ಬೂದಿಬಣ್ಣದ ಕೂದಲು ಹುಟ್ಟಿತು.
ಪೇಪರು ಹಾಸಿದೆವು; ಚೊಕ್ಕಟವೇನೋ ಹೌದು,
ಹಾವು ಮಾತ್ರ ಕೋರ್ಟಿಗೆ ಸಾಕ್ಷಿ ಹೇಳಲು ಬಂದಂತೆ
ಅಲುಗದೆ ಕೂತಿತು. ಹುದುಗಲು ಏನಿದೆ ಅಲ್ಲಿ,
ಹವಾಮಾನ ವರದಿಯ ಹೊರತು?

ಡಿಸೆಂಬರು. ಹೊರಗೆ ಮೈನಸ್ ಇಪ್ಪತ್ತೆಂಟು.
ಹೀಟರು ರಾತ್ರಿಯಿಡೀ ಗಾಳಿ ಹಿಂಡಿ ಹಿಂಡಿ
ಮನೆಯೇ ನನ್ನ ಆರನೇ ಗೂಡಾಯಿತು.
ತೇವಮಾಪಕ ಮೂವತ್ತು ಎಂದಿತು. ಅದೂ ಸುಳ್ಳು:
ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ
ಎಪ್ಪತ್ತೈದು ತೋರಬೇಕಾದದ್ದು
ಎಂಬತ್ತನಾಲ್ಕು ತೋರಿತು.
ಒಂಬತ್ತು ಕಳೆದುಕೊಂಡು ಓದಬೇಕು,
ಕೆಲವರ ಮಾತಿನ ಹಾಗೆ.

ಆ ವಾರ ಪೂರೋ ಪೊರೆ ಕಳಚಿತು.
ಕಳಚಿತು ಎನ್ನಬಾರದು, ಹರಿದುಕೊಂಡಿತು:
ಬೆರಳುದ್ದ ಒಂದು ಚೂರು, ಉಗುರಿನಷ್ಟು ಇನ್ನೊಂದು,
ಎಡಗಣ್ಣಿನ ಮೇಲೆ ಹಳೆಯ ಗಾಜು ಹಾಗೇ ಉಳಿಯಿತು.
ತೈಮಿ ಫೋನಿನಲ್ಲಿ:
"ಕೀಳಬೇಡ ಅಪ್ಪ, ಕಿತ್ತರೆ ಕಣ್ಣೇ ಬಂದೀತು.
ತೇವ ಕೊಡು, ಕಾದಿರು."

ಕಾಯುವುದು ನನಗೆ ಬರುತ್ತದೆ.

ಅಂಗಡಿಯಲ್ಲಿ ತೆಂಗಿನ ನಾರಿನ ಇಟ್ಟಿಗೆ ಸಿಕ್ಕಿತು;
ಯಾವ ಸೆಕೆಯ ಸೀಮೆಯದೋ, ಬಕೆಟ್ ಬಿಸಿನೀರಿನಲ್ಲಿ
ಊರು ನೆನಪಾದಂತೆ ಉಬ್ಬಿ ಉಬ್ಬಿ ಬಂತು.
ಮುಷ್ಟಿ ಹಿಡಿದು ಹಿಂಡಿ ನೋಡಿದೆ.
ಉಂಡೆ ನಿಲ್ಲಬೇಕು, ಹನಿ ಬೀಳಬಾರದು.
ಆರ್ಮಸ್ ತನ್ನ ಸೌನಾದ ತೊಲೆಸಂದಿಗೆ ತುರುಕಲು
ಇಟ್ಟುಕೊಂಡಿದ್ದ ಜವುಗಿನ ಪಾಚಿಯಲ್ಲಿ
ಅರ್ಧ ಚೀಲ ಕೊಟ್ಟ, "ಹಾವಿಗೂ ಸೌನಾ?" ಎಂದು ನಕ್ಕು.
ನೆನೆಸಿ, ಹಿಂಡಿ, ಐಸ್‌ಕ್ರೀಮ್ ಡಬ್ಬಿಗೆ ತುಂಬಿ,
ಮುಚ್ಚಳದಲ್ಲಿ ಹಾವು ಹಿಡಿಸುವಷ್ಟು ತೂತು ಕೊರೆದೆ,
ಅಂಚಿಗೆ ಉಪ್ಪುಕಾಗದ ಉಜ್ಜಿದೆ.
ಮೇಲಿನ ಜಾಲರಿಗೆ ಮುಕ್ಕಾಲು ಪಾಲು ಫಾಯಿಲ್.
ನೀರಿನ ಬೋಗುಣಿ ಬೆಚ್ಚನೆಯ ಬದಿಗೆ.
ಇನ್ನು ಚಿಮುಕಿಸುವುದಿಲ್ಲ, ಮೂಲೆಗೆ ಒಂದು ಲೋಟ ಎರೆಯುತ್ತೇನೆ:
ಅಡಿಯಲ್ಲಿ ತಂಪು, ಹೊಟ್ಟೆ ತಾಗುವಲ್ಲಿ ಒಣ.
ಹಗಲು ಗೂಡಿನ ಮುಂದೆ, ರಾತ್ರಿ ಗಾಜಿನ ಮುಂದೆ,
ಕೋಲು ಬಿರಿಯಬಾರದು, ಹಾವು ಒಣಗಬಾರದು.

ಎರಡು ರಾತ್ರಿ ಡಬ್ಬಿಯತ್ತ ತಿರುಗಿಯೂ ನೋಡಲಿಲ್ಲ.
ಮೂರನೆಯದಕ್ಕೆ, ನಾನು ಹಲ್ಲುಜ್ಜುತ್ತಿದ್ದಾಗ,
ತೂತಿನಿಂದ ಬಾಲದ ತುದಿ ಮಾತ್ರ ಕಾಣುತ್ತಿತ್ತು.

ಫೆಬ್ರುವರಿಯ ಒಂದು ಗುರುವಾರ, ಕೆಲಸಕ್ಕೆ ಹೊರಡುವ ಮುನ್ನ,
ಪೊರೆ ಸಿಕ್ಕಿತು: ಒಂದೇ ತುಂಡು,
ತಿರುವಿ ಕಳಚಿದ ಕಾಲುಚೀಲದಂತೆ.
ದೀಪಕ್ಕೆ ಹಿಡಿದು ಎಣಿಸಿದೆ.
ಕಣ್ಣು ಎರಡು. ಎಡಗಣ್ಣು ತುಸು ದಪ್ಪ.

ಗೂಡು ಕಾಯುವವನು ಇಪ್ಪತ್ತಾರು ವರ್ಷದಲ್ಲಿ
ಮೊದಲ ಸಲ ತಡವಾಗಿ ಬಂದ.
ತೈಮಿಯ ವಾರ ಭಾನುವಾರಕ್ಕೆ ಶುರು;
ಅಲ್ಲಿಯವರೆಗೆ ಒಣಗಿ ಪುಡಿಯಾಗದಿರಲೆಂದು
ಒದ್ದೆ ಬಟ್ಟೆಯಲ್ಲಿ ಸುತ್ತಿ,
ಬೆಣ್ಣೆಯ ಪಕ್ಕ, ಫ್ರಿಜ್ಜಿನಲ್ಲಿಟ್ಟಿದ್ದೇನೆ.